ಪಕ್ಕದ ಹಾಸಿಗೆಯವರು ಹೇಳಿದ ಮಾತು

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಮೂತ್ರಪಿಂಡದ ಕಾಯಿಲೆಗೆ ಸಂಬಂಧಿಸಿದ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಬರೆದವರ ಊರು, ವಯಸ್ಸು, ಕಾಯಿಲೆಯ ಹಂತ ಬೇರೆಬೇರೆಯಾದರೂ ಎಲ್ಲ ಪತ್ರಗಳ ಹಿಂದೆಯೂ ಮತ್ತೊಬ್ಬ ರೋಗಿಯ ಮಾತಿದೆ. ತಿಂಗಳಿಗೊಮ್ಮೆ ಐದು ನಿಮಿಷ ಸಿಗುವ ವೈದ್ಯರಿಗಿಂತ, ಡಯಾಲಿಸಿಸ್‌ಗೆಂದು, ಅಂದರೆ ಯಂತ್ರದಿಂದ ರಕ್ತ ಸೋಸಿಸಿಕೊಳ್ಳಲೆಂದು, ವಾರಕ್ಕೆ ಹನ್ನೆರಡು ಗಂಟೆ ಪಕ್ಕದ ಹಾಸಿಗೆಯಲ್ಲಿ ಮಲಗಿರುವವರ ಮಾತು ಹೆಚ್ಚು ನಾಟುವುದು ಸಹಜ. ಅದನ್ನು ಕೇಳಲೇಬಾರದು ಎನ್ನುವ ವೈದ್ಯರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಕಾಯಿಲೆಯೊಂದಿಗೆ ದಿನ ಕಳೆಯುವುದು ಹೇಗೆಂದು ಅವರನ್ನು ಕೇಳುವುದು ಬೇರೆ, ಯಾವ ಔಷಧವನ್ನು ಎಷ್ಟು ತೆಗೆದುಕೊಳ್ಳಬೇಕೆಂದು ಕೇಳುವುದು ಬೇರೆ.

ಪ್ರಶ್ನೆ: ನನಗೆ 46 ವರ್ಷ, ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 5.2ಕ್ಕೆ ಏರಿದ್ದು, ಡಯಾಲಿಸಿಸ್‌ಗೆ ಸಿದ್ಧತೆಯಾಗಿ ಕೈಗೆ ಫಿಸ್ಟುಲಾ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಪರಿಚಯವಾದ, ಸಕಲೇಶಪುರದ ಕಡೆಯ ಒಬ್ಬರು ತಮಗೆ 8 ಇದ್ದದ್ದು ಒಂದು ಬೇರಿನ ಕಷಾಯದಿಂದ ಎರಡೇ ತಿಂಗಳಲ್ಲಿ 1.3ಕ್ಕೆ ಇಳಿಯಿತೆಂದು ವರದಿಗಳನ್ನೇ ತೋರಿಸಿದರು. ಅವರು ಸುಳ್ಳು ಹೇಳುವವರಂತೆ ಕಾಣಲಿಲ್ಲ. ಮೂರು ತಿಂಗಳು ಪ್ರಯತ್ನಿಸಿ ನೋಡಲೇ?
(ಹಾಸನ ಜಿಲ್ಲೆಯ ಓದುಗರು)

ಉತ್ತರ: ಅವರು ಸುಳ್ಳು ಹೇಳಿಲ್ಲವೆಂದೇ ನಾನೂ ಭಾವಿಸುತ್ತೇನೆ; ವರದಿಯ ಎರಡು ಅಂಕಿಗಳೂ ನಿಜವಿರಬಹುದು. ನೀವು ಅವರನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ‘ನಿಮ್ಮ ಕ್ರಿಯಾಟಿನಿನ್ 8ಕ್ಕೆ ಏರಿದ್ದು ಯಾವುದರಿಂದ?’ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ಬಂದವರಿಗೆ, ಗದ್ದೆಬದಿಯಲ್ಲಿ ಕೊಳಕುಮಂಡಲ ಕಚ್ಚಿದವರಿಗೆ, ವಾಂತಿಭೇದಿಯಿಂದ ಮೈಯ ನೀರೆಲ್ಲ ಬತ್ತಿದವರಿಗೆ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸುವುದುಂಟು. ಇಂಥವರಿಗೆ ಕೆಲವು ವಾರ ಡಯಾಲಿಸಿಸ್ ಕೊಟ್ಟು ಕಾಪಾಡಿದರೆ ಬಹಳಷ್ಟು ಮಂದಿಯಲ್ಲಿ ಅವು ತಾವಾಗಿಯೇ ಚೇತರಿಸಿಕೊಳ್ಳುತ್ತವೆ, ಕಷಾಯ ಕುಡಿದರೂ, ಕುಡಿಯದಿದ್ದರೂ. ಎರಡು ತಿಂಗಳಲ್ಲಿ 8ರಿಂದ 1.3 ಎಂದರೆ ನನಗೆ ಮೊದಲು ಹೊಳೆಯುವುದು ಇದೇ. ನಿಮ್ಮದು ಹಾಗಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡದ ಸೋಸುಗಗಳು ಒಂದೊಂದಾಗಿ ಗಟ್ಟಿಯಾಗಿ ಕಲೆಗಟ್ಟಿವೆ. ನಿಮ್ಮ ವಯಸ್ಸಿಗೆ 5.2 ಎಂದರೆ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 13 ಮಿಲಿಲೀಟರ್‌ಗೆ ಇಳಿದಿದೆಯೆಂದು ಅರ್ಥ. ಕಲೆಗಟ್ಟಿದ ಭಾಗ ಮತ್ತೆ ಚಿಗುರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಕಟ್ಟುನಿಟ್ಟಿನ ಪಥ್ಯವೆಂದು ಗಂಜಿಯಲ್ಲೇ ತಿಂಗಳು ಕಳೆದು ಮೈ ಕರಗಿಸಿಕೊಂಡವರಲ್ಲಿ ಮೂತ್ರಪಿಂಡ ಒಂದಿಷ್ಟೂ ಸುಧಾರಿಸದೆ ಅಂಕಿ ಮಾತ್ರ ಇಳಿಯುತ್ತದೆ. ಅದನ್ನು ಗುಣವೆಂದು ತಿಳಿದು ಸಿಹಿ ಹಂಚಿದವರನ್ನು ನೋಡಿದ್ದೇನೆ.

ಬೇರು ಯಾವುದೆಂದು ನೀವು ಬರೆದಿಲ್ಲ. ನಮ್ಮಲ್ಲಿ ಈಶ್ವರಿ ಬಳ್ಳಿಯೆಂದು ಕರೆಯುವ ಗಿಡದಲ್ಲಿ, ಅದರ ಜಾತಿಗೆ ಸೇರಿದ ಇತರ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೆಳ್ಳಗಾಗಲೆಂದು ಮೂಲಿಕೆಯ ಮಾತ್ರೆ ನುಂಗಿದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟದ್ದನ್ನು ಅಲ್ಲಿನ ವೈದ್ಯರು 1993ರಲ್ಲಿ ವರದಿ ಮಾಡಿದರು. ಒಂದು ಚೀನೀ ಮೂಲಿಕೆಯ ಬದಲು ಈ ಜಾತಿಯ ಗಿಡ ಬೆರೆತದ್ದು ಕಾರಣವಾಗಿತ್ತು. ಮುಂದೆ ಅವರಲ್ಲಿ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಮನೆಯಂಗಳದ ಹಣ್ಣೆಂದು ದಾರೆಹುಳಿಯ ರಸ, ಬಿಂಬುಳಿಯ ರಸ ಕುಡಿಯಲು ಹೇಳುವವರೂ ಇದ್ದಾರೆ. ಇವೆರಡರಲ್ಲೂ ಮೂತ್ರಪಿಂಡವನ್ನು ಕೆಡಿಸುವ ಆಕ್ಸಲೇಟ್ ವಿಪರೀತ. ದಾರೆಹುಳಿಯಲ್ಲಿ ಮಿದುಳನ್ನು ಕೆರಳಿಸುವ ವಿಷವೊಂದೂ ಇದ್ದು, ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ನಿಮ್ಮ ಸ್ಥಿತಿಯವರಲ್ಲಿ ಅದು ಉಳಿದುಕೊಂಡು ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಕೆಲವೊಮ್ಮೆ ಸಾವು ತರುತ್ತದೆ.

ಮೂರು ತಿಂಗಳು ನೋಡೋಣ ಎನ್ನುವುದು ನನಗೆ ಹೆಚ್ಚು ಆತಂಕ ತಂದಿದೆ. ಫಿಸ್ಟುಲಾ ಎಂದರೆ ಕೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವುದು. ಅದು ಹಣ್ಣಾಗಿ ಸೂಜಿ ತಡೆದುಕೊಳ್ಳುವಂತಾಗಲು ಆರೆಂಟು ವಾರ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು ಬೇಕು. ಕಷಾಯಕ್ಕೆಂದು ನೀವು ಎತ್ತಿಟ್ಟ ಮೂರು ತಿಂಗಳು ಆ ಕೈಗೆ ಬೇಕಾದ ಮೂರು ತಿಂಗಳೇ. ಅದು ತಪ್ಪಿದರೆ ಒಂದು ರಾತ್ರಿ ಉಸಿರು ಕಟ್ಟಿ ತುರ್ತಾಗಿ ಬಂದು, ಕುತ್ತಿಗೆಗೆ ನಳಿಕೆ ಹಾಕಿಸಿಕೊಂಡು, ನಂಜಿನ ಭಯದಲ್ಲಿ ಡಯಾಲಿಸಿಸ್ ಆರಂಭಿಸಬೇಕಾಗುತ್ತದೆ. ಫಿಸ್ಟುಲಾ ಮಾಡಿಸಿಕೊಂಡ ಮಾತ್ರಕ್ಕೆ ನಾಳೆಯೇ ಡಯಾಲಿಸಿಸ್ ಎಂದಲ್ಲ. ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡಿ, ಮಂಡಿನೋವಿನ ಮಾತ್ರೆಗಳನ್ನು ಅಂಗಡಿಯಿಂದ ನೇರವಾಗಿ ತಂದು ನುಂಗಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗುತ್ತಿದೆ. ಹಳ್ಳಿಯಿಂದ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಅಲ್ಲಿ ಬರುವ ಕೆಲವರು ಮೂರು ಬಾರಿ ಮಾಡಿಸಬೇಕು ಎನ್ನುತ್ತಾರೆ, ಒಬ್ಬರು ಹೊಟ್ಟೆಯ ಡಯಾಲಿಸಿಸ್ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದರು. ನೀರಡಿಕೆಯಂತೂ ತಡೆಯಲಾಗದು ಎನ್ನುತ್ತಾರೆ. ಯಾರ ಮಾತು ನಂಬುವುದು?
(ದಾವಣಗೆರೆ ಜಿಲ್ಲೆಯ ಓದುಗರು)

ಉತ್ತರ: ಮೂರು ಬಾರಿ ಎಂದವರ ಮಾತು ಸರಿ. ನಾಲ್ಕು ಗಂಟೆಯಂತೆ ವಾರಕ್ಕೆ ಮೂರು ಸಲ ಎಂಬುದು ಸಾಮಾನ್ಯ ನಿಯಮ. ನಮ್ಮಲ್ಲಿ ಎರಡು ಸಲಕ್ಕೆ ನಿಲ್ಲಿಸುವುದಕ್ಕೆ ಹೆಚ್ಚಾಗಿ ಖರ್ಚು ಮತ್ತು ದಾರಿ ಕಾರಣವೇ ಹೊರತು ವೈದ್ಯಶಾಸ್ತ್ರವಲ್ಲ. ದಿನಕ್ಕೆ ಸಾಕಷ್ಟು ಮೂತ್ರ ಇನ್ನೂ ಬರುತ್ತಿರುವವರಿಗೆ ಕೆಲಕಾಲ ಎರಡು ಸಲ ಸಾಕಾಗಬಹುದು. ಆದ್ದರಿಂದ ಒಂದು ಇಡೀ ದಿನದ ಮೂತ್ರವನ್ನು ಅಳೆದು ಆ ಅಳತೆಯನ್ನು ವೈದ್ಯರಿಗೆ ತೋರಿಸಿ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ ಡಯಾಲಿಸಿಸ್ ಸಿಗುತ್ತದೆ. ನಿಮಗೆ ಹತ್ತಿರದ ಕೇಂದ್ರದಲ್ಲಿ ಮೂರನೆಯ ಸರದಿ ಖಾಲಿ ಇದೆಯೇ ಎಂದು ವಿಚಾರಿಸಿ.

ಹೊಟ್ಟೆಯ ಡಯಾಲಿಸಿಸ್ ನಿಮ್ಮಂತೆ ದೂರದಲ್ಲಿರುವವರಿಗೆ ಯೋಚಿಸಬೇಕಾದ ದಾರಿಯೇ. ಹೊಟ್ಟೆಯೊಳಗೆ ಒಂದು ಮೆತ್ತನೆಯ ನಳಿಕೆ ಇಡುತ್ತಾರೆ. ಸುಮಾರು ಎರಡು ಲೀಟರ್ ದ್ರವವನ್ನು ದಿನಕ್ಕೆ ಮೂರು ನಾಲ್ಕು ಸಲ ಒಳಬಿಟ್ಟು, ಕೆಲವು ಗಂಟೆಗಳ ನಂತರ ಹೊರತೆಗೆಯಬೇಕು. ವೈದ್ಯರು ಒಪ್ಪಿದರೆ, ಮುಂದಿನ ಮಾತನ್ನು ಅದನ್ನೇ ಮಾಡಿಕೊಳ್ಳುತ್ತಿರುವ ಒಬ್ಬ ರೋಗಿಯ ಮನೆಗೆ ಹೋಗಿ ಕೇಳಿ. ತಿಂಗಳ ದ್ರವದ ಪೆಟ್ಟಿಗೆಗಳಿಗೆ ಎಷ್ಟು ಜಾಗ ಬೇಕು, ಧೂಳಿಲ್ಲದ ಮೂಲೆಯನ್ನು ಎಲ್ಲಿ ಮಾಡಿಕೊಂಡರು, ಕೈ ಕಲಿಯಲು ಎಷ್ಟು ದಿನ ಹಿಡಿಯಿತು, ಹಬ್ಬದ ದಿನ ನೆಂಟರು ತುಂಬಿದಾಗ ಏನು ಮಾಡುತ್ತಾರೆ ಎಂಬುದೆಲ್ಲ ನನಗೆ ತಿಳಿಯದು, ಅವರಿಗೆ ತಿಳಿದಿದೆ. ಒಂದನ್ನು ಮಾತ್ರ ನಾನು ಹೇಳುತ್ತೇನೆ: ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ ಸಂಜೆಯವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು, ಅದು ಹೊಟ್ಟೆಯೊಳಗಿನ ನಂಜು.

ನೀರಡಿಕೆಗೆ ನಾನು ಕಲಿತ ಒಳ್ಳೆಯ ಉಪಾಯಗಳೆಲ್ಲ ರೋಗಿಗಳಿಂದಲೇ ಬಂದವು. ದಿನದ ಪಾಲಿನ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಟ್ಟು ಅದರಿಂದಲೇ ಕುಡಿಯುವುದು, ದೊಡ್ಡ ಲೋಟದ ಬದಲು ಕಾಫಿಯ ಸಣ್ಣ ಲೋಟ ಹಿಡಿಯುವುದು, ಬಾಯಿ ಮುಕ್ಕಳಿಸಿ ಉಗಿಯುವುದು, ಉಪ್ಪಿನಕಾಯಿ ಹಪ್ಪಳ ಬಿಡುವುದು. ಉಪ್ಪು ತಿಂದು ನೀರು ಬೇಡವೆಂದರೆ ಯಾರಿಂದಲೂ ಆಗದು. ಆದರೆ ‘ಎಳನೀರು ತಂಪು, ಅದು ಲೆಕ್ಕಕ್ಕಿಲ್ಲ’ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ರಕ್ತದಲ್ಲಿ ಅದು ಏರಿದರೆ ಮುನ್ಸೂಚನೆಯಿಲ್ಲದೆ ಹೃದಯ ನಿಲ್ಲಬಹುದು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಇರುವುದೂ ಪೊಟ್ಯಾಸಿಯಮ್ಮೇ.

ಪ್ರಶ್ನೆ: ಮೂತ್ರಪಿಂಡ ಕಸಿಯಾಗಿ ಮೂರು ವರ್ಷವಾಗಿದೆ. ನನ್ನ ಜೊತೆಗೇ ಕಸಿ ಮಾಡಿಸಿಕೊಂಡವರೊಬ್ಬರು ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಔಷಧವನ್ನು ಅರ್ಧಕ್ಕೆ ಇಳಿಸಿಕೊಂಡು ಚೆನ್ನಾಗಿದ್ದಾರೆ. ನಾನೂ ಇಳಿಸಬಹುದೇ?
(ಉಡುಪಿಯ ಓದುಗರು)

ಉತ್ತರ: ಬೇಡ. ಅವರ ರಕ್ತದಲ್ಲಿ ಆ ಔಷಧದ ಮಟ್ಟ ಎಷ್ಟಿತ್ತು, ಕಸಿಯ ಹೊಂದಾಣಿಕೆ ಹೇಗಿತ್ತು ಎಂಬುದು ನಿಮಗೆ ಗೊತ್ತಿಲ್ಲ, ಪ್ರಾಯಶಃ ಅವರಿಗೂ ಗೊತ್ತಿಲ್ಲ. ಟ್ಯಾಕ್ರೊಲಿಮಸ್ ಹೆಚ್ಚಾದರೆ ಮೂತ್ರಪಿಂಡಕ್ಕೇ ವಿಷ, ಕಡಿಮೆಯಾದರೆ ದೇಹ ಕಸಿಯನ್ನು ತಿರಸ್ಕರಿಸುತ್ತದೆ. ತಿರಸ್ಕಾರ ಮೊದಮೊದಲು ನೋವಿಲ್ಲದೆ ನಡೆಯುವುದರಿಂದ ‘ಚೆನ್ನಾಗಿದ್ದೇನೆ’ ಎಂಬುದು ಪುರಾವೆಯಾಗದು. ಬೆಳಗಿನ ಗುಳಿಗೆ ನುಂಗುವ ಮೊದಲು ರಕ್ತ ಕೊಟ್ಟು ಮಟ್ಟ ನೋಡಿಸಿ, ವೈದ್ಯರೇ ಇಳಿಸಲಿ. ಚಕೋತ ಹಣ್ಣು ಆ ಮಟ್ಟವನ್ನು ಏರಿಸಬಲ್ಲುದು, ಕ್ಷಯದ ಔಷಧವಾದ ರಿಫಾಂಪಿಸಿನ್ ಇಳಿಸುತ್ತದೆ. ಬೇರೆ ವೈದ್ಯರು ಯಾವುದೇ ಹೊಸ ಮಾತ್ರೆ ಬರೆದರೂ ಕಸಿಯಾದ ಸಂಗತಿಯನ್ನು ಮೊದಲು ಹೇಳಿ.

ಪ್ರಶ್ನೆ: ದಾನಿಯೊಬ್ಬರನ್ನು ‘ಹೊಂದಿಸಿಕೊಡುವವರು’ ಇದ್ದಾರೆಂದು ಸಹರೋಗಿಯೊಬ್ಬರು ಹೇಳಿದ್ದಾರೆ. ವಿದೇಶದಲ್ಲಿರುವುದರಿಂದ ಹಣದ ತೊಂದರೆಯಿಲ್ಲ.
(ಮಸ್ಕತ್‌ನ ಓದುಗರು)

ಉತ್ತರ: ಅದು ಅಪರಾಧ. 1994ರ ಅಂಗಾಂಗ ಕಸಿ ಕಾಯ್ದೆ, ಅದರ 2011ರ ತಿದ್ದುಪಡಿಯ ಪ್ರಕಾರ ಅಂಗದ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಸೆರೆವಾಸ, 20 ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ ದಂಡವಿದೆ, ಕೊಳ್ಳುವವರಿಗೂ ಸೇರಿ. ಅದೇ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಹತ್ತಿರದ ಬಂಧುಗಳ ಸಾಲಿಗೆ ಸೇರಿಸಿದೆ. ನಿಮ್ಮ ಮನೆಯ ದಾನಿ ನಿಮಗೆ ಹೊಂದದಿದ್ದರೆ ಅಂಥದೇ ಇನ್ನೊಂದು ಕುಟುಂಬದೊಂದಿಗೆ ಅದಲುಬದಲು ಕಸಿಗೂ ಅವಕಾಶ ಕೊಟ್ಟಿದೆ. ಮೃತರ ಅಂಗಕ್ಕಾಗಿ ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ಯ ಪಟ್ಟಿಯಿದ್ದು, ನೋಂದಣಿಯನ್ನು ಆಸ್ಪತ್ರೆಯ ಮೂಲಕವೇ ಮಾಡಬೇಕು.

ಪ್ರಶ್ನೆ: ನನ್ನದು ವಂಶದಲ್ಲಿ ಬಂದ ನೀರುಗುಳ್ಳೆಗಳ ಮೂತ್ರಪಿಂಡ ಕಾಯಿಲೆ. ಇದೇ ಕಾಯಿಲೆಯ ಹದಿನೆಂಟು ಮಂದಿ ಸೇರಿ, ಯಾರಿಗೆ ಯಾವ ಚಿಕಿತ್ಸೆ ಹಿಡಿಸಿತು ಎಂದು ಬರೆದಿಡುತ್ತಿದ್ದೇವೆ. ಇದು ಅವೈಜ್ಞಾನಿಕವೆಂದು ಒಬ್ಬ ವೈದ್ಯರು ಗದರಿದರು.
(ಬೆಂಗಳೂರಿನ ಓದುಗರು)

ಉತ್ತರ: ಗದರುವ ಅಗತ್ಯವಿರಲಿಲ್ಲ. ಏಎಲ್‌ಎಸ್ ಎಂಬ, ನರಗಳು ಸತ್ತು ಸ್ನಾಯುಗಳು ಕೈಕೊಡುವ ಕಾಯಿಲೆಗೆ ಲಿಥಿಯಂ ಸಹಾಯ ಮಾಡುತ್ತದೆಂದು 2008ರಲ್ಲಿ ಇಟಲಿಯ ಒಂದು ಸಣ್ಣ ಅಧ್ಯಯನ ಹೇಳಿತು. ಅದರಲ್ಲಿ ಲಿಥಿಯಂ ಪಡೆದವರು 16 ಮಂದಿ ಮಾತ್ರ. ಕಾಯಲು ಸಮಯವಿಲ್ಲದ ರೋಗಿಗಳು ತಾವಾಗಿಯೇ ನುಂಗತೊಡಗಿದರು. ‘ಪೇಷೆಂಟ್ಸ್ ಲೈಕ್ ಮಿ’ ಎಂಬ ಅಮೆರಿಕದ ರೋಗಿಗಳ ಕೂಟದಲ್ಲಿ ಅವರೆಲ್ಲ ತಮ್ಮ ಶಕ್ತಿ ತಿಂಗಳಿಂದ ತಿಂಗಳಿಗೆ ಎಷ್ಟು ಕುಂದಿತೆಂದು ದಾಖಲಿಸುತ್ತಿದ್ದರು. ಹಾಗೆ ನುಂಗಿದ 149 ಮಂದಿಯನ್ನು, ಅವರಂತೆಯೇ ಕಾಯಿಲೆ ಮುಂದುವರಿದಿದ್ದು ಲಿಥಿಯಂ ನುಂಗದ ಇತರರೊಂದಿಗೆ ಹೋಲಿಸಿ ನೋಡಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಅದು 2011ರಲ್ಲಿ ಪ್ರಕಟವಾಯಿತು. ಆಮೇಲಿನ ವೈದ್ಯಕೀಯ ಪ್ರಯೋಗಗಳೂ ಅದನ್ನೇ ಹೇಳಿದವು. ರೋಗಿಗಳು ಬರೆದಿಟ್ಟ ಲೆಕ್ಕವೇ ರೋಗಿಗಳಲ್ಲಿ ಹಬ್ಬಿದ ಆಸೆಯನ್ನು ಅಳೆದು ನೋಡಿತು.

ಅವರ ಲೆಕ್ಕಕ್ಕೂ ನಿಮ್ಮದಕ್ಕೂ ಒಂದು ವ್ಯತ್ಯಾಸವಿದೆಯೆಂದು ತೋರುತ್ತದೆ. ನೀವು ‘ಹಿಡಿಸಿದ್ದನ್ನು’ ಬರೆಯುತ್ತಿದ್ದೀರಿ. ಹಿಡಿಸದವರು ಗುಂಪು ಬಿಟ್ಟು ಹೋಗುತ್ತಾರೆ, ತೀರಿಕೊಂಡವರು ಬರೆಯುವುದಿಲ್ಲ, ಕೊನೆಗೆ ಉಳಿಯುವುದು ಗೆದ್ದವರ ಕಥೆಗಳಷ್ಟೇ. ಹದಿನೆಂಟರಲ್ಲಿ ಯಾರು ಮಧ್ಯದಲ್ಲೇ ಬಿಟ್ಟರು, ಏಕೆ ಬಿಟ್ಟರು ಎಂಬುದಕ್ಕೂ ಒಂದು ಅಂಕಣ ಇರಲಿ. ಔಷಧದ ಹೆಸರಿನ ಪಕ್ಕದಲ್ಲಿ ಆರಂಭಿಸಿದ ದಿನ, ಅಂದಿನ ಕ್ರಿಯಾಟಿನಿನ್, ರಕ್ತದೊತ್ತಡ, ಅದೇ ಹೊತ್ತಿನಲ್ಲಿ ಬದಲಾದ ಬೇರೆ ಸಂಗತಿಗಳನ್ನು ಬರೆಯಿರಿ. ಹದಿನೆಂಟು ಮಂದಿಯಿಂದ ಚಿಕಿತ್ಸೆಯ ತೀರ್ಪು ಬರುವುದಿಲ್ಲ. ಆದರೆ ವೈದ್ಯರ ಮುಂದಿಡಲು ಒಳ್ಳೆಯ ಪ್ರಶ್ನೆಗಳು ಖಂಡಿತ ಬರುತ್ತವೆ. ನೀರುಗುಳ್ಳೆಗಳ ಬೆಳವಣಿಗೆಯನ್ನು ನಿಧಾನಗೊಳಿಸುವ ಟೊಲ್ವಾಪ್ಟಾನ್ ಮಾತ್ರೆ ನುಂಗುವವರು ಯಾರಾದರೂ ಇದ್ದರೆ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಕೆಲಸದ ಜಾಗದಲ್ಲಿ ಹೇಗೆ ನಿಭಾಯಿಸುತ್ತಾರೆ, ಯಕೃತ್ತಿನ ಪರೀಕ್ಷೆ ತಪ್ಪದೆ ಮಾಡಿಸುತ್ತಾರೆಯೇ ಎಂದೂ ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ತಂದೆಯವರಿಗೆ 71 ವರ್ಷ. ಡಯಾಲಿಸಿಸ್ ಬೇಕೆಂದರೂ ಒಪ್ಪುತ್ತಿಲ್ಲ. ‘ಒಮ್ಮೆ ಶುರುಮಾಡಿದರೆ ಬಿಡುವಂತಿಲ್ಲ, ಶುರುಮಾಡಿದ ನನ್ನ ಸ್ನೇಹಿತ ಆರೇ ತಿಂಗಳಲ್ಲಿ ಹೋದ’ ಎನ್ನುತ್ತಾರೆ. ಅವರಿಗೆ ಹೇಗೆ ಹೇಳಲಿ?
(ಧಾರವಾಡದ ಓದುಗರು)

ಉತ್ತರ: ಬಿಡಲಾಗದಂತೆ ಮಾಡುವುದು ಮೂತ್ರಪಿಂಡದ ಸ್ಥಿತಿ, ಯಂತ್ರವಲ್ಲ. ಕೊಡೆ ಬಿಚ್ಚಿದ್ದರಿಂದ ಮಳೆ ಬಂತು ಎಂದಂತೆ ಅವರ ಮಾತು. ಸ್ನೇಹಿತರು ಆರಂಭಿಸಿದ್ದು ಯಾವ ಹಂತದಲ್ಲಿ, ಹೃದಯದ ತೊಂದರೆ ಇತ್ತೇ ಎಂದು ಕೇಳಿ ನೋಡಿ. ತೀರಾ ತಡವಾಗಿ, ಮೈಯೆಲ್ಲ ಬಾತುಕೊಂಡು ಬರುವವರು ನಮ್ಮಲ್ಲಿ ಬಹಳ.

ಆದರೂ ಅವರ ನಿರಾಕರಣೆಯನ್ನು ಬರೀ ಹಟವೆಂದು ತಳ್ಳಬೇಡಿ. ವಯಸ್ಸಾದವರಲ್ಲಿ, ಬೇರೆ ದೊಡ್ಡ ಕಾಯಿಲೆಗಳೂ ಇದ್ದಾಗ, ಡಯಾಲಿಸಿಸ್ ಇಲ್ಲದೆ ಉಸಿರಾಟ, ತುರಿಕೆ, ವಾಕರಿಕೆಗಳನ್ನು ಔಷಧದಿಂದ ಹಗುರ ಮಾಡುತ್ತಾ ಮನೆಯಲ್ಲೇ ನೋಡಿಕೊಳ್ಳುವುದೂ ವೈದ್ಯರು ಒಪ್ಪುವ ಒಂದು ಆಯ್ಕೆ. ತಂದೆಯವರ ಹೃದಯ, ಓಡಾಟ, ನೆನಪಿನ ಶಕ್ತಿ ಚೆನ್ನಾಗಿದ್ದರೆ ಮಾತ್ರ ನಾನು ಡಯಾಲಿಸಿಸ್ ಕಡೆಗೆ ಒತ್ತಿ ಹೇಳುತ್ತೇನೆ. ಅದನ್ನು ಅವರ ವೈದ್ಯರಿಂದ ಮೊದಲು ತಿಳಿದುಕೊಳ್ಳಿ.

ಆಮೇಲೆ, ಅವರ ವಯಸ್ಸಿನವರೇ ಆದ, ನಾಲ್ಕೈದು ವರ್ಷದಿಂದ ಡಯಾಲಿಸಿಸ್‌ಗೆ ಬರುತ್ತಿರುವ ಒಬ್ಬರನ್ನು ಕೇಂದ್ರದ ದಾದಿಯರ ಮೂಲಕ ಹುಡುಕಿ, ಒಂದು ಮಧ್ಯಾಹ್ನ ತಂದೆಯವರನ್ನು ಅವರ ಪಕ್ಕದಲ್ಲಿ ಕೂರಿಸಿ. ಸೂಜಿ ಚುಚ್ಚಿದಾಗ ಎಷ್ಟು ನೋವಾಗುತ್ತದೆ, ಮುಗಿಸಿ ಮನೆಗೆ ಹೋದ ಸಂಜೆ ಏನು ಮಾಡುತ್ತೀರಿ, ಕೊನೆಯ ಸಲ ಮದುವೆಯ ಊಟಕ್ಕೆ ಕುಳಿತದ್ದು ಯಾವಾಗ, ಎಲೆಯಲ್ಲಿ ಏನೇನು ಬಿಟ್ಟು ಎದ್ದಿರಿ ಎಂದು ತಂದೆಯವರೇ ಕೇಳಲಿ. ಆ ಹೊತ್ತಿಗೆ ನೀವು ಒಳಗಿರಬೇಡಿ, ಹೊರಗಿನ ಬೆಂಚಿನ ಮೇಲೆ ಕಾಯಿರಿ.