ಆ ಮನೆ ಗೊಂಬೆಮನೆಯಲ್ಲ

ಮೂಕಿ ಚಿತ್ರಗಳ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್ ಅವರ ‘ಒನ್ ವೀಕ್’ ಕಿರುಚಿತ್ರದಲ್ಲಿ ಬಿರುಗಾಳಿಗೆ ಗಿರಗಿರನೆ ತಿರುಗುವ ಮನೆ ಪುಟ್ಟ ಮಾದರಿಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. 1920ರ ಆ ಚಿತ್ರಕ್ಕಾಗಿ ನಿಜ ಗಾತ್ರದ ಮನೆಯನ್ನೇ ತಿರುಗುವ ತಳದ ಮೇಲೆ ಕಟ್ಟಿದ್ದರು. ಓಡುವ ಬಾಗಿಲನ್ನು ಹಿಡಿಯಲು ಹಾರುವುದು, ಉರುಳುವುದು ಎಲ್ಲವೂ ಕೀಟನ್ ಅವರದೇ ಮೈ. ಚಿಕ್ಕವರಿದ್ದಾಗ ಅಪ್ಪ ಅಮ್ಮನ ರಂಗಪ್ರದರ್ಶನಗಳಲ್ಲಿ ಅಪ್ಪ ಕೀಟನ್ ಅವರನ್ನು ಎತ್ತಿ ಎಸೆಯುತ್ತಿದ್ದರು. ಬೀಳುವ ವಿದ್ಯೆ ಬಾಲ್ಯದಲ್ಲೇ ಕರಗತವಾಗಿತ್ತು.

ಮುಂದಿನ ಸಲ ನೋಡುವಾಗ ಕ್ಯಾಮೆರಾವನ್ನು ಗಮನಿಸಿ. ಅದು ದೂರ ನಿಂತು, ಮನೆಯನ್ನೂ ಮನುಷ್ಯನನ್ನೂ ತಲೆಯಿಂದ ಕಾಲಿನವರೆಗೆ ಒಂದೇ ಚೌಕಟ್ಟಿನಲ್ಲಿ ಹಿಡಿಯುತ್ತದೆ. ಇದನ್ನೇ ಹತ್ತಿರದ ತುಣುಕುಗಳಾಗಿ ಕತ್ತರಿಸಿದ್ದರೆ ನಾವು ನಂಬುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ.

ಕೊನೆಯ ದೃಶ್ಯದ ಬಗ್ಗೆಯೂ ಕೇಳಿದ್ದೀರಿ. (ಚಿತ್ರ ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.) ಮನೆ ಹಳಿಯ ಮೇಲೆ ಸಿಕ್ಕಿಕೊಂಡಿದೆ, ರೈಲು ಬರುತ್ತಿದೆ, ಮನೆಯ ಒಡೆಯರಾದ ನವದಂಪತಿ ಕಣ್ಣು ಮುಚ್ಚುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ನಿಟ್ಟುಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ನುಗ್ಗಿ ಮನೆಯನ್ನು ಚೂರುಚೂರು ಮಾಡುತ್ತದೆ. ಅದೂ ನಿಜವಾದ ರೈಲೇ.