ಅಣ್ಣನ ಸುದ್ದಿ ಬ್ರೇಕಿಂಗ್ ನ್ಯೂಸಲ್ಲಿ ಬರಲ್ಲ

ಪ್ರಶ್ನೆ: ನಾವು ಬೆಳಗಾವಿ ಜಿಲ್ಲೆಯವರು. ಅಣ್ಣ ಮಿಲಿಟ್ರಿಲಿದಾನೆ, ಜಮ್ಮು-ಕಾಶ್ಮೀರದ ಗಡಿ ಹತ್ರ ರಜೌರಿ ಕಡೆ ಪೋಸ್ಟಿಂಗ್. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷ ಆದಾಗ ಶುರುವಾಗಿದ್ದು, ಈಗಲೂ ನ್ಯೂಸ್ ನೋಡೋದು ಬಿಡಕ್ಕಾಗ್ತಿಲ್ಲ. ಯೂಟ್ಯೂಬ್ ಲೈವು, ಟೆಲಿಗ್ರಾಂ, ವಾಟ್ಸಾಪ್ ಗ್ರೂಪು, ರಾತ್ರಿ ಎರಡಕ್ಕೆ ಎದ್ದು ಮತ್ತೆ ನೋಡ್ತೀನಿ. ಯಜಮಾನ್ರು ಬೈತಾರೆ. ನಾನು ಕಳಿಸೋ ವಿಡಿಯೋ ತಡ್ಕೊಳ್ಳಕ್ಕಾಗದೆ ಅತ್ತಿಗೆ ಫ್ಯಾಮಿಲಿ ಗ್ರೂಪೇ ಬಿಟ್ಟು ಹೋದ್ರು. ಆದ್ರೆ ನೋಡೋದು ಬಿಟ್ರೆ ಅಣ್ಣನ್ನೇ ಮರೆತ ಹಾಗೆ ಅನ್ಸತ್ತೆ. ಏನ್ ಮಾಡ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ಆ ಮರೆತ ಹಾಗೆ ಅನ್ನೋ ಮಾತೇ ಅಸಲು ವಿಷಯ. ರಾತ್ರಿ ಎದ್ದು ಕೂತು ನೋಡೋದನ್ನ ನೀವು ಅಣ್ಣನ ಸಲುವಾಗಿ ಹಿಡಿದ ವ್ರತದ ಥರ ಮಾಡ್ಕೊಂಡಿದೀರ, ಬಿಟ್ರೆ ಅವನಿಗೇ ಏನೋ ಆಗಿಬಿಡುತ್ತೆ ಅನ್ನೋ ಭಯ.

ಆದ್ರೆ ನೋಡಿ, ನೀವು ಹುಡುಕ್ತಿರೋದು ಅಲ್ಲಿ ಇರೋದೇ ಇಲ್ಲ. ಸಮಾಧಾನಕ್ಕೆ ಹೇಳ್ತಿಲ್ಲ, ನಿಯಮಾನೇ ಹಾಗಿದೆ. ಉಗ್ರರ ವಿರುದ್ಧ ಕಾರ್ಯಾಚರಣೆ ನಡೀವಾಗ ಟಿವಿಯವ್ರು ಲೈವ್ ತೋರ್ಸೋ ಹಾಗಿಲ್ಲ, ನೇಮಕ ಆದ ಅಧಿಕಾರಿ ಆಗಾಗ ಕೊಡೋ ಮಾಹಿತಿ ಅಷ್ಟೇ ಹಾಕ್ಬೇಕು. ಪಹಲ್ಗಾಮ್ ದಾಳಿ ಆದ್ಮೇಲೆ 2025ರ ಏಪ್ರಿಲ್ 26ಕ್ಕೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಾರ್ಗಿಲ್ ಯುದ್ಧ, ಮುಂಬೈನ 26/11 ದಾಳಿ, ಕಂದಹಾರ್ ವಿಮಾನ ಅಪಹರಣದ ಉದಾಹರಣೆ ಕೊಟ್ಟು ಸೇನೆಯ ಓಡಾಟ ಲೈವ್ ತೋರ್ಸ್ಬೇಡಿ ಅಂತ ಮತ್ತೆ ಹೇಳ್ತು. ನಿಮ್ಮಣ್ಣ ಎಲ್ಲಿದಾನೆ ಅಂತ ಟಿವಿ ನೋಡಿ ನಿಮಗೆ ಗೊತ್ತಾಗೋ ಹಾಗಿದ್ರೆ ಗಡಿ ಆಚೆಯವ್ರಿಗೂ ಗೊತ್ತಾಗುತ್ತಲ್ವಾ?

ಸರಿ, ತೋರ್ಸಕ್ಕೆ ಇಲ್ಲ ಅಂದ್ರೂ 24 ಗಂಟೆ ತುಂಬಿಸ್ಲೇಬೇಕಲ್ಲ, ಆ ಮೇ ತಿಂಗಳಲ್ಲಿ ಏನ್ ತುಂಬಿಸಿದ್ರು ನೆನಪು ಮಾಡ್ಕೊಳ್ಳಿ. ಕರಾಚಿ ಬಂದರೇ ಉಡೀಸ್ ಅಂದ್ರು, ಅದು ಸುಳ್ಳು. ವಿಡಿಯೋ ಗೇಮ್ ದೃಶ್ಯ ಯುದ್ಧ ಅಂತ ಓಡಾಡ್ತು. ರಜೌರಿ ಸೇನಾ ಬ್ರಿಗೇಡ್ ಮೇಲೆ ಆತ್ಮಾಹುತಿ ದಾಳಿ ಅಂತ ಹಬ್ಬಿಸಿದ್ರು, ಅಂಥದ್ದೇನೂ ಆಗೇ ಇಲ್ಲ ಅಂತ ಸುಳ್ಳು ಸುದ್ದಿ ಪರಿಶೀಲಿಸೋ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವ್ರು ಹೇಳ್ಬೇಕಾಯ್ತು. ಸ್ಟುಡಿಯೋದಲ್ಲಿ ಕೂತು ಸೈರನ್ ಬೇರೆ ಹಾಕ್ತಿದ್ರು, ಅದನ್ನ ನಿಲ್ಸಿ ಅಂತ ಸರ್ಕಾರಾನೇ ಸೂಚನೆ ಕೊಡ್ತು! ನಿಮ್ಮ ಜಿಲ್ಲೇದೇ ತಗೊಳ್ಳಿ, ಆಗ ಸೇನೆ ಪರವಾಗಿ ಟಿವಿಲಿ ಮಾಹಿತಿ ಕೊಡ್ತಿದ್ದ ಕರ್ನಲ್ ಸೋಫಿಯಾ ಖುರೇಷಿಯವರ ಗಂಡನ ಮನೆ ಮೇಲೆ ದಾಳಿ ಆಯ್ತು ಅಂತ ಪೋಸ್ಟ್ ಬಂತು, ನಿಮ್ಮ ಜಿಲ್ಲೇಲೇ ಆಗದೇ ಇರೋದನ್ನ ಹೀಗೆ ಹುಟ್ಟಿಸೋರು ರಜೌರಿ ಬಗ್ಗೆ ಏನ್ ಹೇಳಲ್ಲ.

ಮೇ 10ರ ಸಂಜೆ ಕದನ ವಿರಾಮ ಘೋಷಣೆ ಆದ್ರೂ ನಿಮ್ಮ ಫೋನು ನಿಲ್ಲಿಸ್ಲಿಲ್ಲ, ಯಾಕಂದ್ರೆ ನೀವು ಯಾವುದ್ರ ಮೇಲೆ ಜಾಸ್ತಿ ಹೊತ್ತು ನಿಲ್ತೀರೋ ಅದನ್ನೇ ಅದು ಮತ್ತೆ ಮತ್ತೆ ತಂದು ಹಾಕುತ್ತೆ, ಒಂದೇ ವಿಡಿಯೋ ಐದು ಗ್ರೂಪಲ್ಲಿ ಬಂದ್ರೆ ಐದು ಕಡೆ ಗಲಾಟೆ ಅನ್ಸತ್ತೆ.

ಹಂಗಾಗಿ ಅಣ್ಣನ ಸುದ್ದಿ ಬೇಕಿದ್ರೆ ಅಣ್ಣನ್ನೇ ಕೇಳಿ. ಸಿಗ್ನಲ್ ಸಿಕ್ಕಾಗ ಮನೆಗೆ ಒಂದು ‘ಆರಾಮ’ ಅಂತ ಹಾಕು ಸಾಕು ಅಂತ ಹೇಳಿಡಿ, ಎರಡು ದಿನ ಬರ್ಲಿಲ್ಲ ಅಂದ್ರೆ ಕೆಟ್ಟದ್ದಾಯ್ತು ಅಂತಲ್ಲ, ಕೆಲವು ಕಡೆ ಫೋನ್ ಬಳಸೋ ಹಾಗೇ ಇರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸೇನೆಯವ್ರು ಮೊದಲು ತಿಳಿಸೋದು ಮನೆಯವ್ರಿಗೆ, ಅಂದ್ರೆ ನಿಮ್ಮ ಅತ್ತಿಗೆಗೆ. ಪಾಪ, ಅವರು ಗ್ರೂಪ್ ಬಿಟ್ಟಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ ಅನ್ಸತ್ತೆ ನಂಗೆ, ಗಂಡ ಅಲ್ಲಿರುವಾಗ ಆ ಸೈರನ್ ವಿಡಿಯೋ ಯಾರು ನೋಡ್ತಾರೆ ಹೇಳಿ. ಈ ವಿಷಯದಲ್ಲಿ ತಪ್ಪು ನಿಮ್ಮದೇ. ಫೋನ್ ಮಾಡಿ, ತಪ್ಪಾಯ್ತು ಅತ್ತಿಗೆ ಅನ್ನಿ, ಮಕ್ಕಳ ಸ್ಕೂಲ್ ವಿಚಾರ ಮಾತಾಡಿ.

ಉಳಿದಿದ್ದೆಲ್ಲ ಸಣ್ಣದು. ಟೆಲಿಗ್ರಾಂ ತೆಗೆದುಬಿಡಿ, ಯೂಟ್ಯೂಬ್ ನೋಟಿಫಿಕೇಶನ್ ಆಫ್ ಮಾಡಿ, ಚಾರ್ಜರ್ ಬೆಡ್‌ರೂಮಿಂದ ಹಾಲಿಗೆ ಹೋಗ್ಲಿ, ಅಣ್ಣ ಅತ್ತಿಗೆ ನಂಬರಿಗೆ ಮಾತ್ರ ಜೋರಾಗಿ ರಿಂಗ್ ಇಟ್ಟು ಮಲ್ಕೊಳ್ಳಿ. ಬೆಳಿಗ್ಗೆ ಪೇಪರ್ ಓದಿ, ಇಲ್ಲಾ ಆಕಾಶವಾಣಿ ವಾರ್ತೆ ಕೇಳಿ, ಅಷ್ಟ್ರಲ್ಲಿ ರಾತ್ರಿಯ ಸುಳ್ಳು ಸುಮಾರಷ್ಟು ಉದುರಿರುತ್ತೆ. ಮೊದಮೊದಲು ಕೈ ತಂತಾನೇ ಫೋನ್ ಕಡೆ ಹೋಗುತ್ತೆ, ಹೋಗ್ಲಿ. ಇಷ್ಟಾದ್ರೂ ನಿದ್ದೆ ಹತ್ತದೆ ಎದೆ ಡವಡವ ಅಂತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಯಜಮಾನ್ರಿಗೂ ಈ ಉತ್ತರ ತೋರ್ಸಿ, ಬೈಯೋದ್ರ ಬದಲು ರಾತ್ರಿ ಫೋನ್ ಅವರೇ ಎತ್ತಿಟ್ಕೊಳ್ಲಿ.