ಶಿರಸಿಯ ನಮ್ಮ ಸಂಘದ ಝೂಮ್ ಸಭೆಯಲ್ಲಿ ಕಿವುಡ ಸದಸ್ಯರು ಸಂಜ್ಞೆಯಲ್ಲಿ ಮಾತಾಡಿದರೆ ಪರದೆಯಲ್ಲಿ ಕಾಣುವುದೇ ಇಲ್ಲ, ಯಾಕೆ?
ಸ್ಪೀಕರ್ ವ್ಯೂನಲ್ಲಿ ಝೂಮ್ ದೊಡ್ಡದಾಗಿ ತೋರಿಸುವುದು ದನಿ ಬಂದವರನ್ನು. ಕೈಯಲ್ಲಿ ಮಾತಾಡುವವರಿಂದ ಸದ್ದಿಲ್ಲ, ಅವರು ಮೂಲೆಯಲ್ಲೇ ಉಳಿಯುತ್ತಾರೆ. ಬೇರೆ ಯಾರೋ ಕೆಮ್ಮಿದರೆ ಪರದೆ ಅತ್ತ ಹಾರುತ್ತದೆ. ಹಾಗಾಗಿ ಸಭೆ ನಡೆಸುವವರು ಸಂಜ್ಞೆಯಲ್ಲಿ ಮಾತಾಡುವವರನ್ನೂ, ಸಂಜ್ಞಾಭಾಷೆಯ ದುಭಾಷಿ ಇದ್ದರೆ ಅವರನ್ನೂ 'ಸ್ಪಾಟ್‌ಲೈಟ್' ಮಾಡಬೇಕು. ಆಗ ಎಲ್ಲರಿಗೂ ಕಾಣುತ್ತಾರೆ. 'ಪಿನ್' ಮಾಡಿದರೆ, ಮಾಡಿದವರಿಗಷ್ಟೇ.

ಸಂಜ್ಞೆ ಮಾಡುವವರ ಬೆನ್ನಿಗೆ ಕಿಟಕಿ ಇರಬಾರದು, ಮುಖ ಕಪ್ಪಾಗುತ್ತದೆ. ಭಾರತೀಯ ಸಂಜ್ಞಾಭಾಷೆಯಲ್ಲಿ ಪ್ರಶ್ನೆಯೋ ಹೇಳಿಕೆಯೋ ಎಂಬುದನ್ನು ಹುಬ್ಬು ನೋಡಿಯೂ ತಿಳಿಯಬೇಕು. ಮಳೆಗಾಲದಲ್ಲಿ ಘಟ್ಟದ ಮೇಲಿನ ನೆಟ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಉಳಿದವರು ಕ್ಯಾಮೆರಾ ಆಫ್ ಮಾಡಿದರೆ ಕೈಚಲನೆ ತುಂಡಾಗುವುದು ಕಡಿಮೆಯಾದೀತು.

ಕ್ಯಾಪ್ಶನ್ (ಮಾತನ್ನು ಪರದೆಯಲ್ಲಿ ಬರಹವಾಗಿ ತೋರಿಸುವುದು) ಇರಲಿ, ಆದರೆ ಅದೊಂದೇ ಸಾಲದು: ಅನೇಕರಿಗೆ ಸಂಜ್ಞೆಯೇ ಮೊದಲ ಭಾಷೆ, ಬರಹದ ಕನ್ನಡ ಆಮೇಲೆ ಕಲಿತದ್ದು.